ಎರಡು ಹಳೆಯ ಔಷಧ ಸೇರಿಸಿದರೆ ಹೊಸ ಆವಿಷ್ಕಾರವಾಗುತ್ತದೆಯೇ?

ಹಾರ್ಟ್ ಫೇಲ್ಯೂರ್ ಇರುವವರ ಮನೆಯವರು ಪದೇ ಪದೇ ಕೇಳುವ ಒಂದು ಪ್ರಶ್ನೆ ಕಾಯಿಲೆಯ ಬಗ್ಗೆ ಅಲ್ಲ, ಬಿಲ್ಲಿನ ಬಗ್ಗೆ. "ಡಾಕ್ಟರೇ, ಅಪ್ಪನಿಗೆ ಬರೆದ ಈ ಮಾತ್ರೆ ಮೊದಲು ಅಷ್ಟೊಂದು ದುಬಾರಿ ಇತ್ತು. ಈಗ ಬೇರೆ ಕಂಪನಿಯದ್ದು ಎಷ್ಟೋ ಕಡಿಮೆಗೆ ಸಿಗ್ತಿದೆ. ಒಳಗಿರೋದು ಅದೇನಾ? ಇಲ್ಲ ಡೂಪ್ಲಿಕೇಟಾ?"

ಆ ಮಾತ್ರೆಯ ಹೆಸರು ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್. ವೈಮಾಡಾ ಎಂಬ ಬ್ರ್ಯಾಂಡಿನಲ್ಲಿ ನೋವಾರ್ಟಿಸ್ ಕಂಪನಿ ತಂದದ್ದು. ಡೂಪ್ಲಿಕೇಟ್ ಅಲ್ಲ, ಒಳಗಿರುವ ಔಷಧಗಳು ಅವೇ. ಬೆಲೆ ಇಳಿದದ್ದು ಮೋಸದಿಂದಲ್ಲ, ಒಂದು ತಾರೀಖಿನಿಂದ: 2023ರ ಜನವರಿ 16. ಅಂದು ಈ ಜೋಡಿ ಔಷಧದ ಭಾರತದ ಪೇಟೆಂಟ್ ಮುಗಿಯಿತು, ನಮ್ಮ ದೇಶದ ಹಲವು ಕಂಪನಿಗಳು ಅದೇ ಜೋಡಿಯನ್ನು ತಮ್ಮ ಹೆಸರಿನಲ್ಲಿ ಮಾರುಕಟ್ಟೆಗೆ ತಂದವು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇವತ್ತು ಬರೆಯುವ ಅಗತ್ಯವಿರಲಿಲ್ಲ. ಆ ಪೇಟೆಂಟ್ ಮುಗಿಯುವ ಸರಿಸುಮಾರು ಒಂದು ತಿಂಗಳ ಮೊದಲು, 2022ರ ಡಿಸೆಂಬರಿನಲ್ಲಿ, ಅದೇ ಎರಡು ಔಷಧಗಳ ಮೇಲೆ ಇನ್ನೊಂದು ಪೇಟೆಂಟ್ ಮಂಜೂರಾಯಿತು. ಅದರ ಅವಧಿ 2026ರ ನವೆಂಬರ್ ತನಕ. ಅದರ ವಿರುದ್ಧ ಪೇಟೆಂಟ್ ಕಚೇರಿಯಲ್ಲೂ ದೆಹಲಿ ಹೈಕೋರ್ಟಿನಲ್ಲೂ ಹೋರಾಟ ನಡೆದು, 2025ರ ಸೆಪ್ಟೆಂಬರಿನಲ್ಲಿ ಪೇಟೆಂಟ್ ಕಚೇರಿ ಅದನ್ನು ರದ್ದು ಮಾಡಿತು. ನಡುವಿನ ಎರಡೂ ಮುಕ್ಕಾಲು ವರ್ಷ ನಮ್ಮ ರೋಗಿಗಳು ಮಾತ್ರೆ ನುಂಗುತ್ತಲೇ ಇದ್ದರು, ಅದರ ಬೆಲೆ ಕಾಗದದ ಮೇಲೆ ತೂಗಾಡುತ್ತಿತ್ತು.

ಈ ಜಗಳದ ದೊಡ್ಡ ಗಂಟು ಒಂದು ಪ್ರಶ್ನೆಯಲ್ಲಿದೆ. ಮೊದಲೇ ಗೊತ್ತಿದ್ದ ಎರಡು ವಸ್ತುಗಳನ್ನು ಯಾರಾದರೂ ಜೋಡಿಸಿದರೆ, ಅದು ಆವಿಷ್ಕಾರವೋ ಅಥವಾ ಆ ಕಸುಬು ಬಲ್ಲ ಯಾರಿಗಾದರೂ ಹೊಳೆಯುತ್ತಿದ್ದ ಮಾತೋ? ಇದು ವಕೀಲರ ತಲೆನೋವು ಎಂದು ಬಿಟ್ಟುಬಿಡಬೇಡಿ. ದಿನಕ್ಕೆರಡು ಬಾರಿ ವರ್ಷಗಟ್ಟಲೆ ತೆಗೆದುಕೊಳ್ಳುವ ಮಾತ್ರೆಯ ಖರ್ಚು ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ. ಊರಲ್ಲಿರುವ ಅಪ್ಪ-ಅಮ್ಮನಿಗೆ ಪುಣೆಯಿಂದಲೋ ಹೈದರಾಬಾದಿನಿಂದಲೋ ತಿಂಗಳ ಔಷಧದ ದುಡ್ಡು ಕಳಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಹೊಸದು ಎಂದ ಮಾತ್ರಕ್ಕೆ ನಮ್ಮ ಪೇಟೆಂಟ್ ಕಾಯ್ದೆ ಪೇಟೆಂಟ್ ಕೊಡುವುದಿಲ್ಲ. ಇದ್ದ ಜ್ಞಾನಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿರಬೇಕು, ಆ ಹೆಜ್ಜೆ ಆ ವಿದ್ಯೆ ಬಲ್ಲವನಿಗೆ ತಾನಾಗಿಯೇ ಹೊಳೆಯುವಂಥದ್ದಾಗಿರಬಾರದು. ಇದರ ಜೊತೆಗೆ 3ನೇ ಸೆಕ್ಷನ್‌ನಲ್ಲಿ ಕೆಲವು ತಡೆಗಳಿವೆ. ಅದರ 'ಇ' ಉಪವಿಧಿ ಸರಳವಾಗಿದೆ. ಎರಡು ಮೂರು ವಸ್ತುಗಳನ್ನು ಬರೇ ಬೆರೆಸಿ, ಪ್ರತಿಯೊಂದರ ಗುಣ ಒಟ್ಟಿಗೆ ಸಿಕ್ಕಿತು ಅಷ್ಟೇ ಅಂದರೆ, ಅದು ಆವಿಷ್ಕಾರವಲ್ಲ. 'ಡಿ' ಉಪವಿಧಿ ಗೊತ್ತಿದ್ದ ವಸ್ತುವಿನ ಹೊಸ ರೂಪದ ಬಗ್ಗೆ. ಗುಣ ಹೆಚ್ಚದೆ ರೂಪ ಮಾತ್ರ ಬದಲಾದರೆ ಸಾಲದು. ಗ್ಲಿವೆಕ್ ಎಂಬ ಕ್ಯಾನ್ಸರ್ ಔಷಧದ ಮೊಕದ್ದಮೆಯಲ್ಲಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಇದರ ಮೇಲೆಯೇ.

ಬೆರೆಕೆಗೂ ಆವಿಷ್ಕಾರಕ್ಕೂ ವ್ಯತ್ಯಾಸ ನಮ್ಮ ಮನೆಯ ತಟ್ಟೆಯಲ್ಲೇ ಇದೆ. ಅನ್ನಕ್ಕೆ ಸಾರು ಕಲಸಿದರೆ ಅನ್ನದ ರುಚಿಯೂ ಸಾರಿನ ರುಚಿಯೂ ಒಟ್ಟಿಗೆ ಸಿಗುತ್ತವೆ, ಅಷ್ಟೇ. ಆದರೆ ಮದುವೆ ಮನೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ನೋಡಿ. ಹಳದಿಯೂ ಅಲ್ಲ ಬಿಳಿಯೂ ಅಲ್ಲ, ಕೆಂಪು ಆರತಿ ನೀರು. ಎರಡರಲ್ಲಿ ಯಾವುದರಲ್ಲೂ ಇಲ್ಲದ ಬಣ್ಣ ಎಲ್ಲಿಂದ ಬಂತು? ಅದನ್ನು ಮೊಟ್ಟಮೊದಲು ಕಂಡವಳಿಗೆ ಪೇಟೆಂಟ್ ಕೊಡಬಹುದಿತ್ತು ಅನ್ನಿ. ಈಗ ಕೊಡಲಾಗದು, ಅಜ್ಜಿಯರಿಗೆಲ್ಲ ಗೊತ್ತಿರುವ ಸಂಗತಿ. (ಅರಿಶಿನ ಗಾಯ ಮಾಯಿಸುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಕೊಟ್ಟಿದ್ದ ಪೇಟೆಂಟನ್ನು ನಮ್ಮ ಸಿಎಸ್‌ಐಆರ್ ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿದ ಕತೆ ಈ ಗುಂಪುಗಳಲ್ಲಿ ಹಲವು ಬಾರಿ ಸುತ್ತಿದೆ. ಸುತ್ತುವ ಕತೆಗಳಲ್ಲಿ ನಿಜವಾದದ್ದು ಅದೊಂದು.)

ಸುಪ್ರೀಂ ಕೋರ್ಟ್ ಈ ವಿಚಾರದಲ್ಲಿ ಮೊದಲು ದೊಡ್ಡ ಮಾತು ಹೇಳಿದ್ದು ಔಷಧದ ಬಗ್ಗೆ ಅಲ್ಲ, ಪಾತ್ರೆಗಳ ಬಗ್ಗೆ. ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ ಲೋಹದ ಪಾತ್ರೆಗಳನ್ನು ಲೇತ್ ಮೇಲೆ ಹಿಡಿದು ಹೊಳಪು ಕೊಡುವ ಸಾಧನಕ್ಕೆ ಒಬ್ಬರು ಪೇಟೆಂಟ್ ಪಡೆದಿದ್ದರು. ಪಾತ್ರೆ ಜಾರದಂತೆ ಹಿಡಿಯುವ ಏರ್ಪಾಡು ಅದು. ಮೊಕದ್ದಮೆ ದೆಹಲಿಗೆ ಹೋಗಿ 1978ರ ಡಿಸೆಂಬರಿನಲ್ಲಿ ತೀರ್ಪು ಬಂತು. ಹಳೆಯ ಭಾಗಗಳನ್ನು ಜೋಡಿಸಿದ್ದಕ್ಕೆ ಪೇಟೆಂಟ್ ಸಿಗಬಹುದು, ಆದರೆ ಆ ಜೋಡಣೆಯಿಂದ ಹೊಸ ಫಲ ಬರಬೇಕು, ಇಲ್ಲವೇ ಮೊದಲಿಗಿಂತ ಉತ್ತಮವಾದ ಅಥವಾ ಅಗ್ಗವಾದ ವಸ್ತು ಬರಬೇಕು. ಕಾರ್ಖಾನೆಯ ಕುಶಲ ಕೆಲಸಗಾರ ದಿನನಿತ್ಯ ಮಾಡುವ ಸಣ್ಣ ಸುಧಾರಣೆ ಸಾಲದು ಎಂಬುದು ಆ ತೀರ್ಪಿನ ಸಾರ. ಪೇಟೆಂಟ್ ನಿಲ್ಲಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ 2007ರ ಕೆಎಸ್‌ಆರ್ ತೀರ್ಪೂ ಇದೇ ದಾರಿಯದ್ದು. ಅಲ್ಲಿ ವಸ್ತು ಕಾರಿನ ಪೆಡಲ್. ಸರಿಹೊಂದಿಸಬಲ್ಲ ಪೆಡಲ್ ಮೊದಲೇ ಇತ್ತು, ಎಲೆಕ್ಟ್ರಾನಿಕ್ ಸೆನ್ಸರ್ ಮೊದಲೇ ಇತ್ತು, ಎರಡನ್ನೂ ಕೂಡಿಸಿದವರಿಗೆ ಪೇಟೆಂಟ್ ಉಳಿಯಲಿಲ್ಲ. ಪ್ರತಿ ಭಾಗವೂ ತನ್ನ ಹಳೆಯ ಕೆಲಸವನ್ನೇ ಮಾಡುತ್ತಾ, ನಿರೀಕ್ಷಿಸಿದ ಫಲವನ್ನೇ ಕೊಟ್ಟರೆ ಅದು ಹೊಳೆಯುವಂಥದ್ದೇ ಎಂದಿತು ಕೋರ್ಟ್.

ಈಗ ನಮ್ಮ ಹೃದಯದ ಔಷಧಗಳಿಗೆ ಬರೋಣ. ಮೊದಲ ಉದಾಹರಣೆಗೆ ಬೆಂಗಳೂರಿನ ನಂಟಿದೆ.

2003ರಲ್ಲಿ ನಿಕೋಲಸ್ ವಾಲ್ಡ್ ಮತ್ತು ಮಾಲ್ಕಮ್ ಲಾ ಎಂಬ ಲಂಡನ್ನಿನ ಇಬ್ಬರು ಪ್ರಾಧ್ಯಾಪಕರು 'ಪಾಲಿಪಿಲ್' ಎಂಬ ಯೋಚನೆಯನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಬಿಪಿ ಇಳಿಸುವ, ಕೊಲೆಸ್ಟ್ರಾಲ್ ಇಳಿಸುವ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಳೆಯ ಔಷಧಗಳನ್ನೆಲ್ಲ ಒಂದೇ ಮಾತ್ರೆಯಲ್ಲಿ ಕೊಡುವುದು. ಅವರು ಅದಕ್ಕೆ ಪೇಟೆಂಟ್ ಅರ್ಜಿಯನ್ನೂ ಹಾಕಿದ್ದರು. ನಮ್ಮಲ್ಲಿ ಅಹಮದಾಬಾದಿನ ಕ್ಯಾಡಿಲಾ ಫಾರ್ಮಾ 'ಪಾಲಿಕ್ಯಾಪ್' ಎಂಬ ಕ್ಯಾಪ್ಸೂಲ್ ತಯಾರಿಸಿತು. ಅದರಲ್ಲಿ ಥಯಜೈಡ್, ಅಟೆನೊಲಾಲ್, ರಾಮಿಪ್ರಿಲ್, ಸಿಮ್ವಾಸ್ಟಾಟಿನ್ ಮತ್ತು ಆಸ್ಪಿರಿನ್, ಹೀಗೆ ಐದು ಔಷಧ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಮುಂದೆ ನಿಂತು ದೇಶದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ಅದನ್ನು ಪರೀಕ್ಷಿಸಿದರು. ಫಲಿತಾಂಶ 2009ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಐದೂ ಒಂದೇ ಕ್ಯಾಪ್ಸೂಲಿನಲ್ಲಿದ್ದರೂ ಒಂದು ಇನ್ನೊಂದರ ಕೆಲಸವನ್ನು ದೊಡ್ಡದಾಗಿ ಕೆಡಿಸಲಿಲ್ಲ, ಬಿಪಿ ಔಷಧ ಬಿಪಿ ಇಳಿಸಿತು, ಸ್ಟಾಟಿನ್ ಕೊಲೆಸ್ಟ್ರಾಲ್ ಇಳಿಸಿತು.

ಗಮನಿಸಿ, ವೈದ್ಯನಾಗಿ ನನಗೆ ಇದು ಬಹಳ ಒಳ್ಳೆಯ ಸುದ್ದಿ. ದಿನಕ್ಕೆ ಐದು ಮಾತ್ರೆ ಬರೆದರೆ ರೋಗಿ ಮೂರನ್ನು ಮರೆಯುತ್ತಾನೆ, ಒಂದೇ ಆದರೆ ಮರೆಯುವುದು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪಾಲಿಪಿಲ್‌ಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆದರೆ ಯಾವ ಕಾರಣಕ್ಕೆ ಅದು ಒಳ್ಳೆಯ ಔಷಧವೋ ಅದೇ ಕಾರಣಕ್ಕೆ ಅದರ ಹಿಂದಿನ ಯೋಚನೆ ದುರ್ಬಲ ಪೇಟೆಂಟ್. ನಿರೀಕ್ಷಿಸಿದ್ದೇ ಆಯಿತು. ಐದೂ ತಮ್ಮ ತಮ್ಮ ಕೆಲಸ ಮಾಡಿದವು, ಯಾವ ಕೆಂಪು ಬಣ್ಣವೂ ಹುಟ್ಟಲಿಲ್ಲ. ನಮ್ಮಲ್ಲಿ ಮನೆ ಮನೆಗೂ ತಲುಪಿರುವ ಟೆಲ್ಮಿಸಾರ್ಟಾನ್-ಆಮ್ಲೋಡಿಪಿನ್ ಜೋಡಿಯೂ ಹೀಗೆಯೇ. ಒಂದು ಬಿಪಿ ಮಾತ್ರೆ ಸಾಲದಾದರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಇನ್ನೊಂದನ್ನು ಸೇರಿಸು ಎನ್ನುವುದು ಎಂಬಿಬಿಎಸ್ ವಿದ್ಯಾರ್ಥಿಗೂ ಗೊತ್ತು. ಎರಡು ಚೀಟಿಯನ್ನು ಒಂದು ಮಾತ್ರೆ ಮಾಡಿದ್ದು ಅನುಕೂಲವೇ ಹೊರತು ಆವಿಷ್ಕಾರವಲ್ಲ. ಉಪಯೋಗ ಇದೆ ಎಂಬುದೇ ಪೇಟೆಂಟಿಗೆ ಸಾಕು ಎಂದು ಕಂಪನಿಗಳ ಜಾಹೀರಾತು ಧಾಟಿಯಲ್ಲಿ ವಾದಿಸುವ ಸಹೋದ್ಯೋಗಿಗಳಿದ್ದಾರೆ, ನಾನು ಒಪ್ಪುವುದಿಲ್ಲ. (ಉಪಯೋಗವೂ ಇಲ್ಲದ ಬೆರಕೆಗಳ ಸಂತೆಯೇ ನಮ್ಮಲ್ಲಿತ್ತು ಎಂಬುದು ಬೇರೆ ಮಾತು. 2016ರಲ್ಲಿ 344 ಮತ್ತು 2024ರ ಆಗಸ್ಟಿನಲ್ಲಿ 156 ಬೆರಕೆ ಔಷಧಗಳನ್ನು ಕೇಂದ್ರ ಸರ್ಕಾರ ನಿಷೇಧಿಸಬೇಕಾಯಿತು.)

ಹಾಗಾದರೆ ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್ ಕೂಡ ಅನ್ನ-ಸಾರೇ ಅಲ್ಲವೇ? ವಾಲ್ಸಾರ್ಟಾನ್ 1996ರಿಂದ ಅಮೆರಿಕದಲ್ಲಿ ಬಿಪಿಗೆ ಬಳಕೆಯಲ್ಲಿತ್ತು. ಸ್ಯಾಕುಬಿಟ್ರಿಲ್ ಎಂಬ ರಾಸಾಯನಿಕವೂ 1990ರ ದಶಕದ ಆರಂಭದಿಂದಲೇ ಪೇಟೆಂಟ್ ಕಾಗದಗಳಲ್ಲಿತ್ತು. ಕೂಡಿಸಿದರು, ಮುಗಿಯಿತು ಎನ್ನಬಹುದೇ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಹೃದಯ ಸೋತಾಗ ದೇಹದಲ್ಲಿ ಉಪ್ಪು-ನೀರು ತುಂಬಿಕೊಳ್ಳುತ್ತದೆ. ಆಗ ಹೃದಯವೇ ಕೆಲವು ಹಾರ್ಮೋನುಗಳನ್ನು ಬಿಡುಗಡೆ ಮಾಡಿ, ಉಪ್ಪು-ನೀರನ್ನು ಮೂತ್ರದಲ್ಲಿ ಹೊರಹಾಕಲು, ರಕ್ತನಾಳ ಸಡಿಲಿಸಲು ನೋಡುತ್ತದೆ. ದೇಹದಲ್ಲಿರುವ ನೆಪ್ರಿಲೈಸಿನ್ ಎಂಬ ಕಿಣ್ವ ಈ ಒಳ್ಳೆಯ ಹಾರ್ಮೋನುಗಳನ್ನು ಒಡೆದುಹಾಕುತ್ತದೆ. ನೆಪ್ರಿಲೈಸಿನ್ನನ್ನೇ ಕಟ್ಟಿಹಾಕಿದರೆ ಒಳ್ಳೆಯದಲ್ಲವೇ ಎಂದು ವಿಜ್ಞಾನಿಗಳು ಯೋಚಿಸಿದರು. ಕ್ಯಾಂಡಾಕ್ಸಾಟ್ರಿಲ್ ಎಂಬ ಔಷಧದಿಂದ ಪ್ರಯತ್ನವೂ ಆಯಿತು. ನಿರೀಕ್ಷಿಸಿದ ಫಲ ಬರಲಿಲ್ಲ. ಯಾಕೆಂದರೆ ಆ ಕಿಣ್ವ ಒಳ್ಳೆಯದನ್ನು ಮಾತ್ರವಲ್ಲ, ರಕ್ತನಾಳ ಬಿಗಿಮಾಡುವ ಆಂಜಿಯೋಟೆನ್ಸಿನ್ ಎಂಬ ಕೆಟ್ಟದ್ದನ್ನೂ ಒಡೆಯುತ್ತದೆ. ಅದನ್ನು ಕಟ್ಟಿಹಾಕಿದರೆ ಎರಡೂ ಹೆಚ್ಚುತ್ತವೆ, ಲೆಕ್ಕ ಅಲ್ಲಿಗೇ ಸಮ.

ಸರಿ, ಆಂಜಿಯೋಟೆನ್ಸಿನ್ ತಯಾರಾಗದಂತೆಯೂ ಮಾಡೋಣ ಎಂದು ಮುಂದಿನ ಹೆಜ್ಜೆ. ಎನಾಲಾಪ್ರಿಲ್, ರಾಮಿಪ್ರಿಲ್ ಥರದ ಎಸಿಇ ತಡೆಯುವ ಔಷಧಗಳು ಮಾಡುವುದು ಅದೇ. ಎರಡೂ ಕೆಲಸ ಮಾಡುವ ಒಮಾಪಾಟ್ರಿಲಾಟ್ ಎಂಬ ಒಂದೇ ಅಣು ಬಂತು. ಬಿಪಿಯನ್ನು ಬಹಳ ಚೆನ್ನಾಗಿ ಇಳಿಸಿತು. ಆದರೆ ಕೆಲವರಿಗೆ ಮುಖ, ನಾಲಿಗೆ, ಗಂಟಲು ಊದಿಕೊಳ್ಳತೊಡಗಿತು. ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆಯುವ ಎರಡು ಮುಖ್ಯ ದಾರಿಗಳೂ ಒಟ್ಟಿಗೆ ಮುಚ್ಚಿಹೋದದ್ದು ಅದಕ್ಕೆ ಕಾರಣ. 2000ದಲ್ಲಿ ಕಂಪನಿ ಅಮೆರಿಕದ ಎಫ್‌ಡಿಎಯಿಂದ ಅರ್ಜಿ ಹಿಂತೆಗೆದುಕೊಂಡಿತು. ಆಮೇಲೆ 25,302 ಜನರ ದೊಡ್ಡ ಅಧ್ಯಯನ ಮಾಡಿದಾಗ ಊತ ಎನಾಲಾಪ್ರಿಲ್ ತೆಗೆದುಕೊಂಡವರಲ್ಲಿ ಶೇ. 0.68, ಒಮಾಪಾಟ್ರಿಲಾಟ್ ತೆಗೆದುಕೊಂಡವರಲ್ಲಿ ಶೇ. 2.17. ಗಂಟಲು ಊದಿದರೆ ಉಸಿರೇ ನಿಲ್ಲಬಹುದು. ಆ ಔಷಧ ಮಾರುಕಟ್ಟೆಗೆ ಬರಲೇ ಇಲ್ಲ.

ನೋವಾರ್ಟಿಸ್ ಮಾಡಿದ್ದು ಇಷ್ಟು. ಎಸಿಇ ಜಾಗಕ್ಕೆ ವಾಲ್ಸಾರ್ಟಾನ್ ಇಟ್ಟಿತು. ವಾಲ್ಸಾರ್ಟಾನ್ ಆಂಜಿಯೋಟೆನ್ಸಿನ್ ಕೂರುವ ಜಾಗವನ್ನು ಮುಚ್ಚುತ್ತದೆ, ಬ್ರಾಡಿಕೈನಿನ್ ಒಡೆಯುವ ದಾರಿಗೆ ಅಡ್ಡ ಬರುವುದಿಲ್ಲ. ಓದುತ್ತಿರುವ ನಿಮಗೇ "ಅಯ್ಯೋ, ಇಷ್ಟೇನಾ?" ಅನ್ನಿಸಿರಬಹುದು. ನಾನು ಮೂರು ಪ್ಯಾರಾದಲ್ಲಿ ದಾರಿಯ ಕಲ್ಲುಮುಳ್ಳು ತೆಗೆದು ಹೇಳಿದ್ದರಿಂದ ಹಾಗನ್ನಿಸಿತು. ಆಂಜಿಯೋಗ್ರಾಮ್ ಆದಮೇಲೆ ಹಿಂದಿನ ಇಸಿಜಿ ನೋಡಿದರೆ ಯಾವ ಜೂನಿಯರ್ ಕೂಡ ಬೆರಳಿಟ್ಟು ಬ್ಲಾಕ್ ಎಲ್ಲಿದೆ ಎಂದು ತೋರಿಸುತ್ತಾನೆ. ಅದೇ ಇಸಿಜಿಯನ್ನು ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಯಲ್ಲಿ, ಆಂಜಿಯೋಗ್ರಾಮ್ ಇಲ್ಲದೆ ಓದಬೇಕು. ಜೋಡಣೆಯ ಪೇಟೆಂಟನ್ನು ತೂಗುವಾಗಲೂ ನ್ಯಾಯಾಧೀಶರು ಅರ್ಜಿಯ ಹಿಂದಿನ ದಿನಕ್ಕೆ ಹೋಗಿ ಕೂರಬೇಕು. ರೋಶ್ ಮತ್ತು ಸಿಪ್ಲಾ ನಡುವಿನ ಮೊಕದ್ದಮೆಯಲ್ಲಿ 2015ರಲ್ಲಿ ದೆಹಲಿ ಹೈಕೋರ್ಟ್ ಕೂಡ ಹಿನ್ನೋಟದ ಜಾಣತನವನ್ನು ದೂರವಿಡಬೇಕೆಂದೇ ಹೇಳಿತ್ತು.

ಈ ಪೇಟೆಂಟಿನ ಮೊದಲ ಅರ್ಜಿ 2002ರ ಜನವರಿಯದ್ದು. ಆ ದಿನ ನಮ್ಮಂಥ ಹೃದ್ರೋಗ ತಜ್ಞನ ಮೇಜಿನ ಮೇಲೆ ಏನಿತ್ತು? ನೆಪ್ರಿಲೈಸಿನ್ ತಡೆಯುವ ಔಷಧ ಒಂಟಿಯಾಗಿ ಸೋತಿತ್ತು. ಜೋಡಿಯಾಗಿ ಬಂದದ್ದು ಗಂಟಲು ಊದಿಸಿತ್ತು. ಇನ್ನು ವಾಲ್ಸಾರ್ಟಾನ್? ಹಿಂದಿನ ತಿಂಗಳಷ್ಟೇ, 2001ರ ಡಿಸೆಂಬರಿನಲ್ಲಿ, ವಾಲ್-ಹೆಫ್ಟ್ ಎಂಬ ದೊಡ್ಡ ಅಧ್ಯಯನ ಪ್ರಕಟವಾಗಿತ್ತು. ಹಾರ್ಟ್ ಫೇಲ್ಯೂರ್ ರೋಗಿಗಳಿಗೆ ಇದ್ದ ಚಿಕಿತ್ಸೆಯ ಮೇಲೆ ವಾಲ್ಸಾರ್ಟಾನ್ ಸೇರಿಸಿದಾಗ ಆಸ್ಪತ್ರೆಗೆ ಸೇರುವುದು ಕಡಿಮೆಯಾಯಿತು, ಸಾವು ಕಡಿಮೆಯಾಗಲಿಲ್ಲ. ಎಸಿಇ ಔಷಧಗಳೇ ಆಗಿನ ರಾಜ. ಆ ರಾಜನನ್ನು ಇಳಿಸಿ, ಸಾವು ತಡೆಯದ ವಾಲ್ಸಾರ್ಟಾನನ್ನು ಸೋತ ಇನ್ನೊಂದು ಔಷಧದ ಜೊತೆ ಕೂರಿಸಿದರೆ ಇಬ್ಬರೂ ಸೇರಿ ರಾಜನನ್ನು ಮೀರಿಸುತ್ತಾರೆ ಎಂದು ಆ ದಿನ ನಂಬಿಕೆಯಿಂದ ಹೇಳಬಲ್ಲವರು ಎಷ್ಟು ಜನ ಇದ್ದಿರಬಹುದು?

ಅವರು ನಿಜವಾಗಿ ಮೀರಿಸಿದರು. 2014ರಲ್ಲಿ ಪ್ರಕಟವಾದ ಪ್ಯಾರಡೈಮ್-ಎಚ್‌ಎಫ್ ಅಧ್ಯಯನದಲ್ಲಿ 8,399 ರೋಗಿಗಳ ಲೆಕ್ಕ ಇದೆ. ಹೃದಯದ ಕಾರಣದ ಸಾವು ಅಥವಾ ಹಾರ್ಟ್ ಫೇಲ್ಯೂರಿಗಾಗಿ ಆಸ್ಪತ್ರೆ ಸೇರುವುದು ಎನಾಲಾಪ್ರಿಲ್ ಗುಂಪಿನಲ್ಲಿ ಶೇ. 26.5, ಈ ಜೋಡಿಯ ಗುಂಪಿನಲ್ಲಿ ಶೇ. 21.8. ಅದಾದ ಮೇಲೆ ನಮ್ಮ ಚಿಕಿತ್ಸೆಯ ಕ್ರಮವೇ ಬದಲಾಯಿತು.

ಆದರೆ ಇಲ್ಲೂ ಎಚ್ಚರ ಬೇಕು. ಹನ್ನೆರಡು ವರ್ಷದ ನಂತರ ಬಂದ ಗೆಲುವು ಮೊದಲ ದಿನದ ಯೋಚನೆಯನ್ನು ಹೆಚ್ಚು ಜಾಣತನದ್ದಾಗಿ ತೋರಿಸುತ್ತದೆ. ಹಿನ್ನೋಟ ಎರಡೂ ಕಡೆ ಸುಳ್ಳು ಹೇಳಬಲ್ಲದು. ಇನ್ನೊಂದು ಪಕ್ಷದ ವಾದವೂ ಗಟ್ಟಿ ಇದೆ. ಊತಕ್ಕೆ ಎಸಿಇ ಕಾರಣ ಎಂದು ಗೊತ್ತಾದ ಮೇಲೆ, ಆಂಜಿಯೋಟೆನ್ಸಿನ್ ತಡೆಯಲು ಇನ್ನು ಎಷ್ಟು ದಾರಿ ಉಳಿದಿತ್ತು? ಸಾರ್ಟಾನ್ ಗುಂಪು ಕಣ್ಣೆದುರೇ ಇತ್ತು. ಇರುವ ನಾಲ್ಕಾರು ದಾರಿಯಲ್ಲಿ ಒಂದನ್ನು ಪ್ರಯತ್ನಿಸಿ ನೋಡುವುದು ಕಸುಬು ಬಲ್ಲವನ ಮಾಮೂಲಿ ಕೆಲಸ ಅಲ್ಲವೇ? ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೂ ನನ್ನ ತಕ್ಕಡಿ ಮೊದಲ ಪೇಟೆಂಟಿನ ಕಡೆಗೇ ವಾಲುತ್ತದೆ. ಪ್ರಯತ್ನಿಸಿ ನೋಡಬಹುದು ಎನ್ನುವುದು ಬೇರೆ, ಪ್ರಯತ್ನಿಸಿದರೆ ಫಲಿಸೀತು ಎಂದು ನಂಬಲು ಕಾರಣವಿರುವುದು ಬೇರೆ. ಅಮೆರಿಕದ ಡೆಲವೇರ್ ನ್ಯಾಯಾಲಯವೂ 2023ರಲ್ಲಿ ಈ ಜೋಡಣೆ ಹೊಳೆಯುವಂಥದ್ದಾಗಿರಲಿಲ್ಲ ಎಂದೇ ಹೇಳಿತು. ಅಂದರೆ ಅರಿಶಿನಕ್ಕೆ ಸುಣ್ಣ ಬಿದ್ದ ಜೋಡಣೆ ಇದು. ಇಪ್ಪತ್ತು ವರ್ಷದ ಹಕ್ಕು ಕೊಟ್ಟದ್ದು ಸರಿ. ದುಬಾರಿಯಾಗಿದ್ದಾಗ ರೋಗಿಗಳ ಎದುರು ಆ ಬೆಲೆ ಹೇಳಲು ನನಗೆ ಕಷ್ಟವಾಗುತ್ತಿತ್ತು ನಿಜ, ಆದರೂ ಸರಿ.

ಎರಡನೆಯ ಪೇಟೆಂಟಿನ ಮಾತು ಹಾಗಲ್ಲ.

ಅದರಲ್ಲಿ ಕೇಳಿದ್ದು ಜೋಡಿಯ ಮೇಲಿನ ಹಕ್ಕನ್ನಲ್ಲ, ಆ ಜೋಡಿಯ ಒಂದು ಹರಳಿನ ರೂಪದ ಮೇಲಿನ ಹಕ್ಕನ್ನು. ಸ್ಯಾಕುಬಿಟ್ರಿಲ್, ವಾಲ್ಸಾರ್ಟಾನ್, ಸೋಡಿಯಂ, ಸ್ವಲ್ಪ ನೀರು, ಇವೆಲ್ಲ ಒಂದೇ ಹರಳಿನಲ್ಲಿ ಕೂತಿರುವ ರಚನೆ. ಎರಡು ಬೇರೆ ಬೇರೆ ಔಷಧಗಳು ಹೀಗೆ ಒಂದೇ ಹರಳಾಗುವುದು ದಿನವೂ ಕಾಣುವ ಸಂಗತಿಯಲ್ಲ, ರಸಾಯನಶಾಸ್ತ್ರಜ್ಞನಿಗೆ ಅದು ಚೆಂದದ ಕೆಲಸ. ಕಂಪನಿಗೆ ಅಷ್ಟು ಮರ್ಯಾದೆ ಸಲ್ಲಬೇಕು. ಆದರೆ 2005ರ ನವೆಂಬರಿನಲ್ಲಿ, ಆ ಅರ್ಜಿ ಹಾಕುವ ಹೊತ್ತಿಗೆ, ಈ ಎರಡನ್ನೂ ಒಟ್ಟಿಗೆ ಕೊಡಬೇಕು ಎಂಬುದು ಮೊದಲ ಪೇಟೆಂಟಿನಲ್ಲೇ ಬರೆದಾಗಿತ್ತು. ಒಟ್ಟಿಗೆ ಕೊಡಬೇಕು ಎಂದಮೇಲೆ ಮಾತ್ರೆಗೆ ಒಗ್ಗುವ ಲವಣ ಯಾವುದು, ಹರಳು ಯಾವುದು, ತೇವಕ್ಕೆ ಕೆಡದ ರೂಪ ಯಾವುದು ಎಂದು ಹುಡುಕುವುದು ಪ್ರತಿ ಔಷಧ ಕಂಪನಿಯ ಲ್ಯಾಬಿನ ಮಾಮೂಲಿ ಕೆಲಸ. ಮಿರ್ಜಾಪುರದ ಲೇತ್ ನೆನಪಿಸಿಕೊಳ್ಳಿ.

ರೋಗಿಯ ಕಡೆಯಿಂದ ನೋಡಿದರೆ ಇನ್ನೂ ಸ್ಪಷ್ಟ. ಆ ಹರಳು ನುಂಗಿದ ಮೇಲೆ ಬಿಡಿಸಿಕೊಂಡು ಸ್ಯಾಕುಬಿಟ್ರಿಲ್ ಬೇರೆ, ವಾಲ್ಸಾರ್ಟಾನ್ ಬೇರೆ ಆಗುತ್ತವೆ. ಮೂಲ ಕಂಪನಿಯ ಮಾಹಿತಿ ಪತ್ರದಲ್ಲೇ ಹಾಗೆ ಬರೆದಿದೆ. ಹೃದಯಕ್ಕೆ ತಲುಪುವುದು ಆ ಎರಡು ಔಷಧ, ಹರಳಲ್ಲ. ಜೀವ ಉಳಿಸಿದ್ದು ಜೋಡಣೆ, ಅದರ ಬೆಲೆಯನ್ನು ಇಪ್ಪತ್ತು ವರ್ಷದ ಹಕ್ಕಿನಲ್ಲಿ ಸಮಾಜ ಕೊಟ್ಟಾಗಿದೆ. ಹರಳಿಗೆ ಇನ್ನೂ ಮೂರೂ ಮುಕ್ಕಾಲು ವರ್ಷ ಕೊಡಬೇಕು ಎಂದರೆ, ಆ ಹರಳು ರೋಗಿಗೆ ಹೆಚ್ಚಿಗೆ ಏನು ಮಾಡಿತು ಎಂದು ಕೇಳುವ ಹಕ್ಕು ನಮಗಿದೆ. ಹಾಗಾಗಿ 2025ರ ರದ್ದು ಆದೇಶ ಸರಿಯಾದ ಜಾಗಕ್ಕೇ ಬಂತು ಎಂದು ನನ್ನ ಅಭಿಪ್ರಾಯ. ಇಂಥ ಆದೇಶಗಳ ಮೇಲೆ ಮೇಲ್ಮನವಿಗೆ ಕಾನೂನಿನಲ್ಲಿ ಅವಕಾಶವಿದೆ, ಅದು ಬೇರೆ. ನನ್ನ ತಕರಾರು ಅದು ತಡವಾಗಿ ಬಂದದ್ದರ ಬಗ್ಗೆ. ಮಂಜೂರಾತಿಗೆ ಮುಂಚೆಯೇ ಈ ತೂಕ ಆಗಬೇಕಿತ್ತು.

ಮುಂಚೆ ಹೇಗೆ? ನಮ್ಮ ಕಾಯ್ದೆಯಲ್ಲಿ ಒಂದು ಅಪರೂಪದ ಬಾಗಿಲಿದೆ. 25ನೇ ಸೆಕ್ಷನ್ ಪ್ರಕಾರ, ಪೇಟೆಂಟ್ ಮಂಜೂರಾಗುವ ಮೊದಲು ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ಎದುರು ಕಂಪನಿಯೇ ಆಗಬೇಕೆಂದಿಲ್ಲ, ರೋಗಿಯೂ ಹಾಕಬಹುದು. ಮುಂಬೈನ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ, ಇಬ್ಬರೂ ಕಠಿಣ ಕ್ಷಯರೋಗ ಗೆದ್ದು ಬಂದವರು, ಬೆಡಾಕ್ವಿಲಿನ್ ಎಂಬ ಕ್ಷಯದ ಔಷಧದ ಲವಣ ರೂಪಕ್ಕೆ ಜಾನ್ಸನ್ ಅಂಡ್ ಜಾನ್ಸನ್ ಕೇಳಿದ್ದ ಪೇಟೆಂಟಿಗೆ ಆಕ್ಷೇಪಣೆ ಹಾಕಿದರು. 2023ರ ಮಾರ್ಚಿನಲ್ಲಿ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿತು. ಅಲ್ಲಿಯೂ ಗೊತ್ತಿದ್ದ ಔಷಧದ ಹೊಸ ರೂಪದ್ದೇ ಪ್ರಶ್ನೆ.

2024ರ ಮಾರ್ಚಿನ ನಿಯಮ ತಿದ್ದುಪಡಿ ಈ ಬಾಗಿಲನ್ನು ಸ್ವಲ್ಪ ಕಿರಿದು ಮಾಡಿದೆ. ಈಗ ಇಂಥ ಆಕ್ಷೇಪಣೆಗೆ ಶುಲ್ಕವಿದೆ, ಆಕ್ಷೇಪಣೆ ವಿಚಾರಣೆಗೆ ಯೋಗ್ಯವೇ ಎಂದು ಅಧಿಕಾರಿ ಮೊದಲೇ ತೀರ್ಮಾನಿಸುತ್ತಾರೆ. ಬೇನಾಮಿ ಹೆಸರಿನಲ್ಲಿ ಒಂದರ ಮೇಲೊಂದು ಆಕ್ಷೇಪಣೆ ಹಾಕಿ ವರ್ಷಗಟ್ಟಲೆ ಎಳೆಯುವವರೂ ಇದ್ದಾರೆ ಎಂಬ ಸರ್ಕಾರದ ಕಡೆಯ ವಾದ ಸುಳ್ಳಲ್ಲ. ಆದರೆ ಎಳೆಯುವ ಕಂಪನಿಗೆ ಶುಲ್ಕ ಲೆಕ್ಕಕ್ಕಿಲ್ಲ, ಒಬ್ಬ ರೋಗಿಗೋ ಸಣ್ಣ ಸಂಘಟನೆಗೋ ಅದು ಭಾರ. ರೋಗಿಗಳಿಗೆ, ರೋಗಿ ಸಂಘಟನೆಗಳಿಗೆ ಅದನ್ನು ಮನ್ನಾ ಮಾಡಬೇಕು. ವೈದ್ಯರ ಸಂಘಗಳೂ ಇಂಥ ಅರ್ಜಿಗಳ ಬಗ್ಗೆ ಬಾಯಿ ಬಿಡಬೇಕು. "ಕಸುಬು ಬಲ್ಲವನಿಗೆ ಹೊಳೆಯುತ್ತಿತ್ತೇ" ಎಂಬುದು ಪ್ರಶ್ನೆಯಾದಾಗ, ಆ ಕಸುಬಿನವರು ಸಮ್ಮೇಳನದ ಊಟದ ಸಾಲಿನಲ್ಲಿ ನಿಂತು ಸುಮ್ಮನಿದ್ದರೆ ಹೇಗೆ?

ಇಷ್ಟು ಓದಿದವರಿಗೆ, ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಜೋಡಿಯ ಈ ಕತೆಯಿಂದಲೇ ಹುಟ್ಟುವ ಕೆಲವು ಕೆಲಸದ ಮಾತು.

ಗಂಟಲು ಊದಿದ ಆ ಒಮಾಪಾಟ್ರಿಲಾಟ್ ನೆನಪಿದೆಯಲ್ಲ? ಸ್ಯಾಕುಬಿಟ್ರಿಲ್ ಜೊತೆ ಎನಾಲಾಪ್ರಿಲ್, ರಾಮಿಪ್ರಿಲ್, ಪೆರಿಂಡೊಪ್ರಿಲ್, ಹೀಗೆ 'ಪ್ರಿಲ್' ಎಂದು ಮುಗಿಯುವ ಬಿಪಿ ಮಾತ್ರೆ ತೆಗೆದುಕೊಂಡರೆ ಅದೇ ಅಪಾಯ ಮನೆಯಲ್ಲೇ ತಯಾರಾದಂತೆ. ಪ್ರಿಲ್ ನಿಲ್ಲಿಸಿ ಕನಿಷ್ಠ 36 ಗಂಟೆ ಆದಮೇಲೆಯೇ ಇದನ್ನು ಶುರು ಮಾಡಬೇಕು, ಇದರಿಂದ ಪ್ರಿಲ್‌ಗೆ ಹೋಗುವಾಗಲೂ ಅಷ್ಟೇ. ಊರಿನ ಡಾಕ್ಟರು ಬರೆದದ್ದು ಒಂದು, ಮಗನ ಮನೆಗೆ ಬಂದಾಗ ಇಲ್ಲಿಯ ಡಾಕ್ಟರು ಬರೆದದ್ದು ಇನ್ನೊಂದು ಎಂದಾಗ ಈ ತಪ್ಪು ನಡೆಯುತ್ತದೆ. ಊರಿಂದ ಬರುವಾಗ ಹಳೆಯ ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬರಲು ಹೇಳಿ. ಮುಖ ಅಥವಾ ನಾಲಿಗೆ ಊದಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಮೊದಲು ಒಮ್ಮೆ ಹಾಗಾಗಿದ್ದವರು ಈ ಮಾತ್ರೆಯನ್ನು ಮುಟ್ಟಲೇಬಾರದು. ಗರ್ಭಿಣಿಯರಿಗೂ ಇದು ಕೂಡದು.

ವೈಮಾಡಾ, ಸಿಡ್ಮಸ್, ಅಜ್‌ಮಾರ್ಡಾ ಮೂರೂ ಒಂದೇ ಔಷಧದ ಬೇರೆ ಬೇರೆ ಹೆಸರು. ಈಗ ಇನ್ನೂ ಹತ್ತಾರು ಹೆಸರುಗಳಿವೆ. ಎರಡು ಹೆಸರಿನ ಮಾತ್ರೆ ಇದ್ದರೆ ಎರಡೂ ಬೇಕು ಎಂದುಕೊಂಡು ನುಂಗುವವರಿದ್ದಾರೆ. ದೊಡ್ಡ ಅಕ್ಷರದ ಬ್ರ್ಯಾಂಡ್ ಬಿಟ್ಟು ಸ್ಟ್ರಿಪ್ಪಿನ ಸಣ್ಣ ಅಕ್ಷರ ಓದಿ. ಒಳಗೆ ವಾಲ್ಸಾರ್ಟಾನ್ ಇರುವುದರಿಂದ ಟೆಲ್ಮಿಸಾರ್ಟಾನ್, ಲೋಸಾರ್ಟಾನ್‌ನಂಥ ಇನ್ನೊಂದು ಸಾರ್ಟಾನ್ ಕೂಡ ಬೇಡ. ಪೊಟ್ಯಾಶಿಯಂ ಏರಬಹುದು, ಆದ್ದರಿಂದ ಒಳ್ಳೆಯದೆಂದು ಅಂಗಡಿಯಿಂದ ತರುವ 'ಲೋ ಸೋಡಿಯಂ' ಉಪ್ಪನ್ನು ಕೇಳದೆ ಬಳಸಬೇಡಿ, ಹೆಚ್ಚಿನವುಗಳಲ್ಲಿ ಸೋಡಿಯಂ ಬದಲು ಇರುವುದು ಪೊಟ್ಯಾಶಿಯಮ್ಮೇ. ರಕ್ತಪರೀಕ್ಷೆಯಲ್ಲಿ ಬಿಎನ್‌ಪಿ ಹೆಚ್ಚು ಬಂತೆಂದು ಹೆದರುವ ಮೊದಲು ಒಂದು ಸಂಗತಿ ತಿಳಿದಿರಲಿ. ನೆಪ್ರಿಲೈಸಿನ್ ಒಡೆಯುವ ಹಾರ್ಮೋನುಗಳಲ್ಲಿ ಅದೂ ಒಂದು, ಹಾಗಾಗಿ ಈ ಮಾತ್ರೆಯಿಂದಲೇ ಅದು ಏರಬಹುದು. ಈ ಔಷಧದಲ್ಲಿರುವವರಿಗೆ ಎನ್‌ಟಿ-ಪ್ರೊಬಿಎನ್‌ಪಿ ಪರೀಕ್ಷೆಯೇ ಸರಿ.

ಮತ್ತೆ, ಬೆಲೆಯ ಕಾರಣಕ್ಕೆ ಯಾರೂ ಇದನ್ನು ಅರ್ಧ ಮಾಡಿಕೊಂಡು ತೆಗೆದುಕೊಳ್ಳುವುದು, ದಿನ ಬಿಟ್ಟು ದಿನ ತೆಗೆದುಕೊಳ್ಳುವುದು ಬೇಡ. ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ, "ಇದೇ ಔಷಧ, ಇದೇ ಡೋಸು, ಕಡಿಮೆ ಬೆಲೆಯದ್ದು ಯಾವುದು ಬರೆದುಕೊಡ್ತೀರಿ?" ಎಂದು. ಚೀಟಿಯಲ್ಲಿ ಹೊಸ ಹೆಸರು ಬಂದ ದಿನ ಹಳೆಯ ಸ್ಟ್ರಿಪ್ಪನ್ನು ಮನೆಯ ಔಷಧದ ಡಬ್ಬಿಯಿಂದ ತೆಗೆದುಬಿಡಿ.